ಇನ್ನೂ ಮೂರು ಜಾಗ ಇದೆ

ಚಾರ್ಮಾಡಿ ಘಾಟಿ ಇಳಿದು ರಸ್ತೆ ಸಪಾಟಾಗುವ ಕಡೆ, ಕಳೆದ ಶನಿವಾರ ಮಧ್ಯಾಹ್ನ, ಬೆಂಗಳೂರು ನೋಂದಣಿಯ ಕಾರೊಂದು ಬದಿಗೆ ನಿಂತಿತ್ತು. ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಬ್ರೇಕ್ ಸುಟ್ಟ ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಓಡಿಸುತ್ತಿದ್ದ ಹುಡುಗ ದೊಡ್ಡ ನೀರಿನ ಬಾಟಲಿ ಬಿಚ್ಚಿಕೊಂಡು ಚಕ್ರದ ಬಳಿ ಬಗ್ಗಿದ್ದ. ಹಿಂದೆ ಬರುತ್ತಿದ್ದ ಪಿಕಪ್ ಗಾಡಿಯ ಚಾಲಕ ಅದನ್ನು ಕಂಡವರೇ ಗಾಡಿ ನಿಲ್ಲಿಸಿ ಓಡಿಬಂದರು.

"ನೀರು ಹಾಕ್ಬೇಡಿ ಮಾರಾಯ್ರೆ, ಡಿಸ್ಕ್ ಹೋಗ್ತದೆ! ಯಾವ ಗೇರಲ್ಲಿ ಇಳಿಸಿದ್ದು?"

"ಫೋರ್ತ್ ಅಣ್ಣ. ಕೆಲವು ಕಡೆ ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತೆ ಅಂತ."

"ಈಗ ಮುಕ್ಕಾಲು ಗಂಟೆ ಹೀಗೇ ಇರ್ಲಿ. ಹ್ಯಾಂಡ್ ಬ್ರೇಕ್ ಎಳೀಬೇಡಿ, ಟಯರಿಗೆ ಕಲ್ಲು ಕೊಡಿ."

"ಮುಕ್ಕಾಲು ಗಂಟೆನಾ? ನಮಗೆ ಇವತ್ತು ಇನ್ನೂ ಮೂರು ಜಾಗ ಇದೆ."

ಆ ಕೊನೆಯ ಮಾತು ಈ ವಾರವಿಡೀ ತಲೆಯಲ್ಲೇ ಸುತ್ತುತ್ತಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಕಣ್ಣು ಮುಚ್ಚಿಕೊಂಡು ಒರಗಿದ್ದರು. ಮಗುವೊಂದು ವಾಂತಿ ಮಾಡಿಕೊಂಡು ಸೊರಗಿತ್ತು. ಬ್ರೇಕ್ ಇನ್ನೆರಡು ತಿರುವು ಮೊದಲೇ ಕೈಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಪಿಕಪ್ ಚಾಲಕರಿಗೆ ಗೊತ್ತಿತ್ತು, ಹಾಗಾಗಿ ಅವರ ದನಿ ಏರಿತ್ತು. ಹುಡುಗನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮೂರು ಜಾಗ ಬಾಕಿ ಇದೆ ಎನ್ನುವುದು ಮಾತ್ರ.

ಅವನನ್ನು ಬೈಯಲು ಮನಸ್ಸು ಬರುವುದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸು ಎನ್ನುತ್ತಾರೆ, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡಿಸು ಎನ್ನುತ್ತಾರೆ. ಹತ್ತಾರು ಕಿಲೋಮೀಟರ್ ಉದ್ದದ ಇಳಿಜಾರನ್ನು ಇಳಿಸುವುದು ಹೇಗೆ ಎಂದು ನಗರದಲ್ಲಿ ಯಾರು ಕಲಿಸುತ್ತಾರೆ, ಎಲ್ಲಿ ಕಲಿಸುತ್ತಾರೆ? ಫ್ಲೈಓವರ್ ಇಳಿದೇ ಅಭ್ಯಾಸವಾದ ಕಾಲಿಗೆ ಬ್ರೇಕ್ ಎಂದರೆ ಯಾವಾಗ ಒತ್ತಿದರೂ ಹಿಡಿಯುವ ವಸ್ತು.

ಆದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. 1,100 ಕೆ.ಜಿ. ತೂಗುವ ಸಾಧಾರಣ ಕಾರಿಗೆ ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ದಿನದ ಸಾಮಾನು ತುಂಬಿದರೆ ತೂಕ 1,500 ಕೆ.ಜಿ. ಆಗುತ್ತದೆ. ಅದು 700 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು ಒಂದು ಕೋಟಿ ಜೂಲ್. ಮೂವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಾಖ ಅದು. ನೀವು ಎಷ್ಟೇ ಜಾಣತನದಿಂದ ಓಡಿಸಿದರೂ ಈ ಮೊತ್ತ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ. ಬದಲಾಗುವುದು ಎರಡೇ: ಆ ಶಾಖವನ್ನು ಹೊರುವುದು ಬ್ರೇಕೋ ಎಂಜಿನ್ನೋ, ಮತ್ತು ಅದು ಆರಿಹೋಗಲು ಎಷ್ಟು ಹೊತ್ತು ಸಿಗುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ನಾಲ್ಕನೇ ಗೇರಿನಲ್ಲಿ ಇಳಿಸಿದರೆ ಅದು ಹಿಡಿಯುವುದೇ ಇಲ್ಲ ಎನ್ನಬೇಕು. ನ್ಯೂಟ್ರಲ್‌ನಲ್ಲಂತೂ ಪೂರ್ತಿ ಭಾರ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ.

ಪೆಟ್ರೋಲ್ ಉಳಿಯುತ್ತದೆ ಎನ್ನುವುದೂ ಸುಳ್ಳು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರು ಬಿದ್ದಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಇಂಧನ ನಿಂತೇ ಹೋಗುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಸಲು ಇಂಧನ ಉರಿಯಲೇಬೇಕು. ಎಂಜಿನ್ ಆಫ್ ಮಾಡಿ ಇಳಿಸುವವರೂ ಇದ್ದಾರೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯುತ್ತದೆ.

ಹತ್ತಲು ಯಾವ ಗೇರು ಬೇಕಾಗುತ್ತದೋ ಇಳಿಯಲೂ ಅದೇ ಗೇರು ಎಂದು ಘಾಟಿಯ ಚಾಲಕರು ಹೇಳುತ್ತಾರೆ. ಹಳೆಯ ಜೀಪು, ಲಾರಿಗಳಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಇವತ್ತಿನ ಒಂದು ಲೀಟರಿನ ಸಣ್ಣ ಎಂಜಿನ್‌ಗಳ ಹಿಡಿತ ಕಡಿಮೆ, ಆದ್ದರಿಂದ ಒಂದು ಗೇರು ಇನ್ನೂ ಕೆಳಗೇ ಇರಲಿ. ಪರೀಕ್ಷೆ ಸುಲಭ. ಇಳಿಜಾರಿನ ನೇರ ಭಾಗದಲ್ಲಿ ಎರಡೂ ಪೆಡಲುಗಳಿಂದ ಕಾಲೆತ್ತಿ ನೋಡಿ. ವೇಗ ಏರುತ್ತಾ ಹೋದರೆ ಗೇರು ಹೆಚ್ಚಾಯಿತು. ಏರದೆ ನಿಂತರೆ, ತಿರುವಿಗೆ ಮೊದಲು ಮಾತ್ರ ಬ್ರೇಕ್ ಬೇಕಾದರೆ, ಅದೇ ಸರಿಯಾದ ಗೇರು. ಚಾರ್ಮಾಡಿಯಂಥ ಕಡೆ ಅದು ಸಾಮಾನ್ಯವಾಗಿ ಎರಡನೆಯದು. ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು) 3,000 ದಾಟಿ ಎಂಜಿನ್ ಕೂಗಿದರೆ ಹೆದರಬೇಡಿ, ಅದು ಕೆಲಸ ಮಾಡುತ್ತಿದೆ. ಗೇರು ಇಳಿಸುವುದನ್ನು ಇಳಿಜಾರು ಶುರುವಾಗುವ ಮುಂಚೆ, ಸಪಾಟಿನಲ್ಲೇ ಮುಗಿಸಿ. ಮಧ್ಯದಲ್ಲಿ ಕ್ಲಚ್ ಒತ್ತಿ ಹಿಡಿದಷ್ಟು ಹೊತ್ತೂ ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂತೆಯೇ ಓಡುತ್ತದೆ.

ಬ್ರೇಕ್ ಒತ್ತುವುದರಲ್ಲೂ ಕ್ರಮವಿದೆ. ಹೊಸಬರು ಹೆದರಿ ಪೆಡಲಿನ ಮೇಲೆ ಸಣ್ಣಗೆ ಕಾಲಿಟ್ಟೇ ಇರುತ್ತಾರೆ, ಹಾಗೆ ಸವರುತ್ತಾ ಇಳಿದರೆ ಪ್ಯಾಡಿಗೆ ಆರಲು ಒಂದು ಕ್ಷಣವೂ ಸಿಗುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ 40ರಲ್ಲಿದ್ದ ವೇಗವನ್ನು 20ಕ್ಕೆ ತನ್ನಿ, ನಂತರ ಕಾಲನ್ನು ಪೂರ್ತಿ ತೆಗೆಯಿರಿ. ಆಟೊಮ್ಯಾಟಿಕ್ ಗಾಡಿಯವರು ಮಾಮೂಲಿ ಓಟದ ಡಿಯಲ್ಲೇ ಬಿಟ್ಟು ಇಳಿಯಬಾರದು. ಕೆಳಗಿನ ಗೇರಿನಲ್ಲೇ ಹಿಡಿದಿಡುವ ಎಲ್, 2 ಅಥವಾ ಮ್ಯಾನ್ಯುಯಲ್ ಆಯ್ಕೆ ಹೆಚ್ಚಿನ ಗಾಡಿಗಳಲ್ಲಿ ಇರುತ್ತದೆ, ಅದನ್ನು ಮನೆಯಿಂದ ಹೊರಡುವ ಮೊದಲೇ ಹುಡುಕಿಟ್ಟುಕೊಳ್ಳಿ. ವಿದ್ಯುತ್ ಕಾರಿನವರಿಗೆ ಬೇರೆಯೇ ಸಂಗತಿ: ಬ್ಯಾಟರಿ 100 ಪ್ರತಿಶತ ತುಂಬಿಸಿಕೊಂಡು ಘಾಟಿಯ ತಲೆಯಿಂದ ಇಳಿದರೆ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ. ಮೇಲಿನ ಊರಿನಲ್ಲಿ ಚಾರ್ಜ್ ಮಾಡುವವರು 80, 85ಕ್ಕೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಬ್ರೇಕ್ ಕೈಕೊಡುವ ಮೊದಲು ಎರಡು ಬಗೆಯಲ್ಲಿ ಸುಳಿವು ಕೊಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲುತ್ತಿಲ್ಲವೆಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಕೊಳವೆಯಲ್ಲಿ ಆವಿ ತುಂಬಿದೆ. ಎರಡನೆಯದು ಹೆಚ್ಚು ಅಪಾಯ, ಮತ್ತು ಅದರ ಕಾರಣ ಘಾಟಿಯಲ್ಲಿ ಇರುವುದಿಲ್ಲ, ಮನೆಯ ಪಾರ್ಕಿಂಗ್‌ನಲ್ಲೇ ಇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯದು ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಇದ್ದದ್ದು 140ಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲನ್ನು ಐದು ವರ್ಷವಾದರೂ ಮುಟ್ಟದ ಕಾರುಗಳು ಘಾಟಿಗೆ ಬರುತ್ತವೆ. ನಗರದಲ್ಲಿ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಬ್ರೇಕ್ ಅಷ್ಟು ಕಾಯುವುದಿಲ್ಲ.

ಪೆಡಲ್ ಮೆತ್ತಗಾದರೆ ಮತ್ತೆ ಮತ್ತೆ ತುಳಿದು ಒತ್ತಡ ಹುಟ್ಟಿಸಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ, ಗಾಡಿಯನ್ನು ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ತಿರುಗಿಸಿ. ನಿಂತ ಮೇಲೆ ಪಿಕಪ್ ಚಾಲಕರು ಹೇಳಿದ್ದನ್ನೇ ಮಾಡಬೇಕು. ನೀರು ಬಿದ್ದರೆ ಕೆಂಡದಂತೆ ಕಾದ ಡಿಸ್ಕ್ ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ, ಎದ್ದ ಹಬೆ ಬಗ್ಗಿದವನ ಮುಖಕ್ಕೇ ಬಡಿಯುತ್ತದೆ. ಹಿಂದಿನ ಡ್ರಮ್ ಕಾದು ಹಿಗ್ಗಿರುವಾಗ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ತಣಿದು ಕುಗ್ಗುವಾಗ ಕಚ್ಚಿಕೊಳ್ಳುತ್ತದೆ. ಮೊದಲ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾಯಬೇಕು.

ಆದರೆ ಕಾಯುವುದಕ್ಕೆ ಹೊತ್ತೆಲ್ಲಿದೆ? ಇನ್ನೂ ಮೂರು ಜಾಗ ಇದೆ.

ನನಗೆ ಸಿಟ್ಟು ಬರುವುದು ಆ ಪಟ್ಟಿ ಮಾಡಿದವರ ಮೇಲೆ. ಪ್ರತಿ ಮನೆಯಲ್ಲೂ, ಪ್ರತಿ ಸ್ನೇಹಿತರ ಗುಂಪಿನಲ್ಲೂ ಅಂಥವರು ಒಬ್ಬರು ಇರುತ್ತಾರೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಬರುವಾಗ ಸಾಧ್ಯವಾದರೆ ಮುಳ್ಳಯ್ಯನಗಿರಿ, ಎಲ್ಲವೂ ಎರಡೇ ದಿನದಲ್ಲಿ. ಅವರು ಸ್ಟೇರಿಂಗ್ ಹಿಡಿಯುವುದು ಅಪರೂಪ. ಶನಿವಾರ ಬೆಳಿಗ್ಗೆ 5ರಿಂದ ಭಾನುವಾರ ರಾತ್ರಿ 10ರವರೆಗೆ 41 ಗಂಟೆ. ನಿದ್ದೆಗೆ 8, ಊಟ, ತಿಂಡಿ, ಸ್ನಾನಕ್ಕೆ 6. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರಕ್ಕೆ ಹೋಗಿ ಬರಲು, ರಜೆಯ ದಟ್ಟಣೆಯಲ್ಲಿ, 14. ಉಳಿದದ್ದು 13. ಆ ನಾಲ್ಕು ಕ್ಷೇತ್ರಗಳ ನಡುವಿನ ಘಾಟಿ ರಸ್ತೆಗಳೇ ಏಳೆಂಟು ಗಂಟೆ ನುಂಗುತ್ತವೆ. ಕೊನೆಗೆ ಒಂದೊಂದು ಕ್ಷೇತ್ರಕ್ಕೆ ಸಿಗುವುದು ಒಂದೂವರೆ ಗಂಟೆಯೂ ಇಲ್ಲ, ಅದರಲ್ಲಿ ಪಾರ್ಕಿಂಗ್, ಸರತಿ, ಚಪ್ಪಲಿ ಬಿಡುವ ಜಾಗ ಎಲ್ಲವೂ ಸೇರಬೇಕು. ಮಧ್ಯಾಹ್ನ ಬಾಗಿಲು ಹಾಕಿರುವಾಗ ತಲುಪಿದರೆ ಅದೂ ಇಲ್ಲ.

ಈ ಲೆಕ್ಕ ತಾಳೆಯಾಗುವುದಿಲ್ಲ ಎಂದು ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಅರಿವಾಗುತ್ತದೆ. ಆಗ ಯಾರೂ ಪಟ್ಟಿಯಿಂದ ಜಾಗ ಕಡಿಯುವುದಿಲ್ಲ, ರಸ್ತೆಯಿಂದ ನಿಮಿಷ ಕಡಿಯುತ್ತಾರೆ. ಐವತ್ತು ನಿಮಿಷದಲ್ಲಿ ಇಳಿಯಬೇಕಾದ ಘಾಟಿಯನ್ನು ಅರ್ಧ ಗಂಟೆಯಲ್ಲಿ ಇಳಿಸುತ್ತಾರೆ. ಅಷ್ಟೇ ಶಾಖ ಇಪ್ಪತ್ತು ನಿಮಿಷ ಕಡಿಮೆ ಹೊತ್ತಿನಲ್ಲಿ ಹೊರಬರಬೇಕಾಗುತ್ತದೆ. ಹೊಗೆ ಕಾಣಿಸಿಕೊಂಡದ್ದು ಘಾಟಿಯ ಬುಡದಲ್ಲಿ, ಕಿಡಿ ಬಿದ್ದದ್ದು ಬೆಂಗಳೂರಿನ ಯಾವುದೋ ಮನೆಯ ಹಾಲ್‌ನಲ್ಲಿ, ಪಟ್ಟಿ ಬರೆದ ರಾತ್ರಿ. ಬಂಡೀಪುರದ ಕಡೆಗೂ ಇದೇ ಕಥೆ. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ ಹಾಗೆಯೇ. ಆದರೂ ಎಂಟೂ ಮುಕ್ಕಾಲಿಗೆ ಗೇಟು ಸೇರಲು ಜಿಂಕೆಗಳ ನಡುವೆ ಹಾರಿಸಿಕೊಂಡು ಹೋಗುವವರನ್ನು ನೋಡಬಹುದು.

ಆ ಮಗುವಿನ ವಿಷಯವನ್ನೂ ಹೇಳಬೇಕು. ಕಾರು ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಕೈಯಲ್ಲಿರುವ ಮೊಬೈಲ್ ನೋಡುತ್ತಿರುವ ಕಣ್ಣು 'ಇಲ್ಲ, ನಾವು ಕೂತಲ್ಲೇ ಇದ್ದೇವೆ' ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳೆಸುವುದಕ್ಕೆ ಕಾರಣ. ಮಗು ಸುಮ್ಮನಿರಲಿ ಎಂದು ಕೊಟ್ಟ ಮೊಬೈಲೇ ಅದನ್ನು ಕಾಡುತ್ತದೆ. ಘಾಟಿ ಶುರುವಾಗುವ ಮುಂಚೆ ಅದನ್ನು ತೆಗೆದಿಡಿ, ಕಿಟಕಿ ಸ್ವಲ್ಪ ಇಳಿಸಿ, ದೂರದ ಬೆಟ್ಟ ತೋರಿಸಿ. ತಿಂಡಿ ಹಗುರವಾಗಿರಲಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ದೊಡ್ಡವರಿಗೆ ವಾಂತಿಯ ತೊಂದರೆ ಇದ್ದರೆ ಮುಂದಿನ ಸೀಟು ಕೊಡಿ. ವೈದ್ಯರು ಹೇಳಿದ ಮಾತ್ರೆ ಇದ್ದರೆ ತಿರುವು ಶುರುವಾಗುವ ಅರ್ಧ, ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲಲ್ಲ. ಅದು ನಿದ್ದೆ ಬರಿಸುವುದರಿಂದ ಓಡಿಸುವವರು ಮುಟ್ಟಬಾರದು.

ಮಳೆಗಾಲವಾದರೆ ಇನ್ನೂ ಒಂದೆರಡು ಮಾತು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮರಳಿ ನಿಮ್ಮ ಕಣ್ಣಿಗೇ ಬರುತ್ತದೆ, ಲೋ ಬೀಮ್ ಇರಲಿ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ನೀವು ನಿಂತಿದ್ದೀರೋ ಬರುತ್ತಿದ್ದೀರೋ ಹಿಂದಿನವರಿಗೆ ತಿಳಿಯದು. ಹೇರ್‌ಪಿನ್ ತಿರುವಿನಲ್ಲಿ ಸಾರಿಗೆ ಬಸ್ಸಿಗೆ ರಸ್ತೆಯ ಇಡೀ ಅಗಲ ಬೇಕು, ಅದರ ಹಿಂದಿನ ಚಕ್ರ ಒಳಗೆ ಕೊಯ್ದುಕೊಂಡು ಬರುತ್ತದೆ. ತಿರುವಿಗೆ ಮೊದಲೇ, ಮೇಲುಗಡೆಯೇ ನಿಂತುಬಿಡಿ, ಅದು ಹತ್ತಿಹೋಗಲಿ. ಕಿರಿದಾದ ಕಡೆ ಹತ್ತುವವರಿಗೇ ಮೊದಲ ಹಕ್ಕು, ಕಾನೂನೂ ಹಾಗೆಯೇ ಇದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದು ಚಾರ್ಮಾಡಿ ರಸ್ತೆಯೇ ಮುಚ್ಚಿತ್ತು. ಆದ್ದರಿಂದ ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಅಲೇಖಾನ್ ಜಲಪಾತದ ಎದುರು ತಿರುವಿನಲ್ಲೇ ಕಾರು ಬಿಟ್ಟು ಪಾಚಿಗಟ್ಟಿದ ಬಂಡೆ ಹತ್ತುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಅಲ್ಲಿ ಪೊಲೀಸರು ಎಷ್ಟು ಸಲ ಎಬ್ಬಿಸಿ ಕಳಿಸುತ್ತಾರೋ ಅಷ್ಟು ಸಲ ಜನ ಮತ್ತೆ ಹತ್ತುತ್ತಾರೆ.

ಎರಡು ದಿನದ ರಜೆಗೆ ಒಂದೇ ಘಾಟಿ, ಒಂದೇ ತಂಗುದಾಣ ಇಟ್ಟುಕೊಳ್ಳಿ. ಮ್ಯಾಪ್ ನಾಲ್ಕು ಗಂಟೆ ಎಂದರೆ ಬೆಟ್ಟದ ರಸ್ತೆಗೆ ಆರು ಎಂದು ಬರೆದುಕೊಳ್ಳಿ. ಶುಕ್ರವಾರ ಸಂಜೆ ಕಚೇರಿ ಮುಗಿಸಿ ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸಿಕ್ಕಿಕೊಂಡು ನಡುರಾತ್ರಿ ಘಾಟಿ ಇಳಿಯುವುದಕ್ಕಿಂತ, ಮನೆಯಲ್ಲಿ ನಿದ್ದೆ ಮಾಡಿ ಶನಿವಾರ ನಸುಕಿನ ನಾಲ್ಕೂವರೆಗೆ ಹೊರಡುವುದು ಎಷ್ಟೋ ಮೇಲು. ಅಜ್ಜಿಗೆ ಧರ್ಮಸ್ಥಳ ನೋಡಬೇಕಿದ್ದರೆ ಧರ್ಮಸ್ಥಳವೇ ಆ ಪ್ರವಾಸ, ಶೃಂಗೇರಿಗೆ ಇನ್ನೊಂದು ರಜೆ ಬರುತ್ತದೆ. ಸಾಧ್ಯವಿದ್ದರೆ ಸೋಮವಾರ ಅರ್ಧ ದಿನ ರಜೆ ಹಾಕಿ ಭಾನುವಾರ ರಾತ್ರಿಯೂ ಅಲ್ಲೇ ಉಳಿಯಿರಿ. ಸೋಮವಾರ ಬೆಳಿಗ್ಗೆ ಆರೂವರೆಗೆ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟರೆ ಮಧ್ಯಾಹ್ನ ಎರಡರ ಸುಮಾರಿಗೆ ನೆಲಮಂಗಲ ದಾಟಬಹುದು.