ಉಡುಪಿ ಹೋಟೆಲಿನ ಸಾಮಾನು ಪಟ್ಟಿ: ಬಳಕೆದಾರರ ಅಧ್ಯಯನ ಎಲ್ಲಿಗೆ ಬಂತು

ಮುಂಬಯಿಯ ಸಣ್ಣ ಉಡುಪಿ ಹೋಟೆಲುಗಳಲ್ಲಿ ಮರುದಿನಕ್ಕೆ ಬೇಕಾದ ಸಾಮಾನು ತರಿಸುವ ಕೆಲಸಕ್ಕೆ ನೆರವಾಗುವ ಒಂದು ಪುಟ್ಟ ಮೊಬೈಲ್ ಆ್ಯಪನ್ನು ನೌಕರಿಯ ಬಿಡುವಿನಲ್ಲಿ ಕಟ್ಟುತ್ತಿದ್ದೇನೆಂದು ಹಿಂದಿನ ಟಿಪ್ಪಣಿಯಲ್ಲಿ ಬರೆದಿದ್ದೆ. ಆಗ ನನ್ನ ಬಳಿ ಇದ್ದದ್ದು ಕಾಗದದ ಮೇಲೆ ಬರೆದ ಕೆಲವು ಪರದೆಗಳ ನಕ್ಷೆ ಮಾತ್ರ. ಅಲ್ಲಿಂದೀಚಿನ ಕೆಲಸದ ಬಹುಭಾಗ ನಡೆದದ್ದು ಕಂಪ್ಯೂಟರಿನ ಮುಂದಲ್ಲ, ಮಾಟುಂಗ, ದಾದರ್ ಮತ್ತು ಮುಲುಂಡಿನ ಬೆರಳೆಣಿಕೆಯ ಹೋಟೆಲುಗಳ ಅಡಿಗೆಮನೆಗಳಲ್ಲಿ ಮತ್ತು ಉಗ್ರಾಣಗಳಲ್ಲಿ. ಆ ಅಧ್ಯಯನದಲ್ಲಿ ಕಂಡದ್ದೇನು, ಅದರಿಂದ ವಿನ್ಯಾಸದಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ರಾತ್ರಿ ಗಿರಾಕಿಗಳೆಲ್ಲ ಹೋಗಿ ಶಟರ್ ಅರ್ಧಕ್ಕೆ ಇಳಿದ ಮೇಲೆ ಈ ಕೆಲಸ ಆರಂಭವಾಗುತ್ತದೆ. ಅಡಿಗೆ ಭಟ್ಟರು ಉಗ್ರಾಣದ ಬಾಗಿಲಲ್ಲಿ ನಿಂತು ಬೇಕಾದುದನ್ನು ಒಂದೊಂದಾಗಿ ಹೇಳುತ್ತಾರೆ. ಮ್ಯಾನೇಜರೋ ಗಲ್ಲಾದಲ್ಲಿ ಕೂರುವವರೋ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ತರಕಾರಿಯವರು ಬೆಳಗಿನ ಜಾವಕ್ಕೂ ಮೊದಲೇ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಹೊರಡುವುದರಿಂದ ಅವರ ಪಟ್ಟಿ ಅದೇ ರಾತ್ರಿ ಅವರನ್ನು ತಲುಪಬೇಕು. ಹಾಲಿನ ಲೆಕ್ಕ ಬೇರೆ, ಕಿರಾಣಿಯ ಲೆಕ್ಕ ಬೇರೆ, 19 ಕಿಲೋದ ಗ್ಯಾಸ್ ಸಿಲಿಂಡರಿನ ಲೆಕ್ಕ ಇನ್ನೂ ಬೇರೆ. ಇಷ್ಟನ್ನೂ ದಿನವಿಡೀ ನಿಂತು ದಣಿದ ಇಬ್ಬರು, ಮಲಗುವ ಮುಂಚಿನ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಆ ನಿಮಿಷಗಳೊಳಗೆ ನಿಲ್ಲಲಾರದ ಯಾವ ಆ್ಯಪೂ ಅಲ್ಲಿ ಬದುಕುವುದಿಲ್ಲ ಎಂಬುದು ನನಗೆ ಮೊದಲ ರಾತ್ರಿಯೇ ಸ್ಪಷ್ಟವಾಯಿತು.

ಅಧ್ಯಯನಕ್ಕೆ ನಾನು ಆರಿಸಿಕೊಂಡ ಮುಖ್ಯ ಕ್ರಮವನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹ್ಯೂ ಬೇಯರ್ ಮತ್ತು ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ರೂಪಿಸಿದರು. ಬಳಕೆದಾರನನ್ನು ಕಚೇರಿಗೆ ಕರೆಸಿ ಪ್ರಶ್ನೆ ಕೇಳುವ ಬದಲು, ಅವನು ಕೆಲಸ ಮಾಡುವ ಜಾಗಕ್ಕೆ ಹೋಗಿ, ಗುರುವಿನ ಬಳಿ ಕೆಲಸ ಕಲಿಯಲು ಬಂದ ಶಿಷ್ಯನಂತೆ ಪಕ್ಕದಲ್ಲಿ ನಿಂತು ನೋಡಿ, ಅರ್ಥವಾಗದ ಕಡೆ ಮಾತ್ರ ತಡೆದು ಕೇಳಬೇಕೆಂಬುದು ಅದರ ತಿರುಳು. ಉಡುಪಿ ಹೋಟೆಲಿಗೆ ಈ ಸಂಬಂಧ ಹೊಸತೇನಲ್ಲ. ಕ್ಲೀನರ್ ಆಗಿ ಸೇರಿದ ಹುಡುಗ ಸಪ್ಲಾಯರ್ ಆಗಿ, ಆಮೇಲೆ ಗಲ್ಲಾಕ್ಕೆ ಬಂದು, ಕೊನೆಗೆ ಸ್ವಂತ ಹೋಟೆಲು ತೆರೆದ ಉದಾಹರಣೆಗಳು ಮುಂಬಯಿಯ ತುಳುನಾಡಿನವರಲ್ಲಿ ಸಾಕಷ್ಟಿವೆ. ಅವರೆಲ್ಲ ಕಲಿತದ್ದು ನೋಡಿ ನೋಡಿಯೇ. ಆದ್ದರಿಂದ ನಾನು ನೋಡಿ ಕಲಿಯಲು ಬಂದಿದ್ದೇನೆ ಎಂದಾಗ ಯಾರಿಗೂ ವಿಚಿತ್ರವೆನಿಸಲಿಲ್ಲ. ಸಂದರ್ಶನ ಬೇಕೆಂದು ಕೇಳಿದ್ದರೆ ಬಹುಶಃ ಧಣಿಗಳನ್ನೇ ತೋರಿಸಿ ತಾವು ಹಿಂದೆ ಸರಿಯುತ್ತಿದ್ದರು.

ನೋಡುವುದರ ಜೊತೆಗೆ ನನಗೆ ಅತ್ಯಂತ ಹೆಚ್ಚು ತಿಳಿಸಿಕೊಟ್ಟದ್ದು ಹಳೆಯ ಚೀಟಿಗಳು. ಪ್ರತಿ ಹೋಟೆಲಿನಲ್ಲಿಯೂ ಹಿಂದಿನ ದಿನದ ಚೀಟಿಯನ್ನು ಕೇಳಿ ಪಡೆದು, ಅದನ್ನು ಬರೆದವರ ಎದುರಿಗೇ ಹರಡಿ, ಒಂದೊಂದು ಸಾಲನ್ನೂ ತೋರಿಸಿ ಇದು ಏಕೆ ಇಲ್ಲಿ ಬಂತು, ಈ ಸಂಖ್ಯೆ ಹೇಗೆ ಹುಟ್ಟಿತು ಎಂದು ವಿಚಾರಿಸುತ್ತ ಹೋದೆ. ಬಳಕೆದಾರರ ಅಧ್ಯಯನಕ್ಕೆ ತೊಡಗುವ ಯಾರಿಗಾದರೂ ನಾನು ಮೊದಲು ಹೇಳಲಿಚ್ಛಿಸುವುದು ಇದನ್ನೇ: ನಾವು ಮಾಡಹೊರಟ ವಸ್ತುವಿನ ವಿಷಯ ಕೇಳುವ ಮೊದಲು, ಆ ಕೆಲಸವನ್ನು ಜನ ಈಗಾಗಲೇ ಯಾವುದರಿಂದ ನಡೆಸುತ್ತಿದ್ದಾರೋ ಅದನ್ನು ಕೈಯಲ್ಲಿ ಹಿಡಿದು ಓದಬೇಕು. ಬರಲಿರುವ ಆ್ಯಪಿನಲ್ಲಿ ಏನು ಬೇಕೆಂದು ಕೇಳಿದರೆ ಸಿಗುವುದು ಊಹೆಯ ಉತ್ತರ. ನಿನ್ನೆಯ ಚೀಟಿಯಲ್ಲಿರುವುದು ನಡೆದುಹೋದ ಸಂಗತಿ.

ಆ ಚೀಟಿಗಳಲ್ಲಿ ಕಂಡ ಮೊದಲ ವಿಷಯ ಅಳತೆಯದು. ಕಿಲೋ ಎಂಬ ಪದ ತರಕಾರಿಯ ಕೆಲವು ಸಾಲುಗಳಲ್ಲಷ್ಟೇ ಇತ್ತು. ಉಳಿದಂತೆ ಅಕ್ಕಿ ಗೋಣಿಯಲ್ಲಿ, ಎಣ್ಣೆ 15 ಕಿಲೋದ ಡಬ್ಬದಲ್ಲಿ, ಕೊತ್ತಂಬರಿ ಕಟ್ಟಿನಲ್ಲಿ, ತೆಂಗಿನಕಾಯಿ ಎಣಿಕೆಯಲ್ಲಿ ನಡೆಯುತ್ತಿತ್ತು. ಅಂದರೆ ಉಗ್ರಾಣದಲ್ಲಿ ಕಣ್ಣಿಗೆ ಬೀಳುವುದು ಪಾತ್ರೆ. ಅದು ಅರ್ಧಕ್ಕಿಂತ ಕೆಳಗಿಳಿಯಿತೋ ಇಲ್ಲವೋ ಎಂಬುದೇ ನಿರ್ಧಾರದ ಆಧಾರ. ಎಷ್ಟು ಕಿಲೋ ಉಳಿದಿದೆಯೆಂದು ಬರೆಯಿಸುವ ಪರದೆಯೊಂದು ನನ್ನ ಮೊದಲ ನಕ್ಷೆಯಲ್ಲಿತ್ತು. ಅದನ್ನು ಪೂರ್ತಿ ತೆಗೆದು, ಪ್ರತಿ ವಸ್ತುವಿಗೂ ಅದರದೇ ಪಾತ್ರೆಯನ್ನು ಅಳತೆಯಾಗಿ ಇಟ್ಟಿದ್ದೇನೆ.

ಎರಡನೆಯದು ಸಾಲುಗಳ ಅನುಕ್ರಮ. ಮೇಲ್ನೋಟಕ್ಕೆ ಅದು ಅಸ್ತವ್ಯಸ್ತವಾಗಿ ತೋರುತ್ತದೆ: ಉದ್ದಿನಬೇಳೆಯ ಕೆಳಗೆ ಪಾತ್ರೆ ತೊಳೆಯುವ ಪುಡಿ, ಅದರ ಕೆಳಗೆ ಒಣಮೆಣಸು. ಆದರೆ ಚೀಟಿಯನ್ನು ಹಿಡಿದುಕೊಂಡೇ ಉಗ್ರಾಣದೊಳಗೆ ಹೋಗಿ ನಿಂತಾಗ, ಬಾಗಿಲಿನ ಎಡಗಡೆಯ ಕಪಾಟಿನಿಂದ ಹೊರಟು ಗೋಡೆಗುಂಟ ಸುತ್ತಿ ಬಂದರೆ ವಸ್ತುಗಳು ಯಾವ ಸರದಿಯಲ್ಲಿ ಕಾಣುತ್ತವೋ ಅದೇ ಸರದಿಯಲ್ಲಿ ಚೀಟಿ ಬರೆದಿರುವುದು ಗೊತ್ತಾಯಿತು. ಭಟ್ಟರು ನೆನಪಿನಿಂದ ಹೇಳುತ್ತಿರಲಿಲ್ಲ, ಕಪಾಟುಗಳನ್ನು ಕಣ್ಣಿನಿಂದ ಓದುತ್ತಿದ್ದರು. ಹೀಗಾಗಿ ಈಗಿನ ಮಾದರಿಯಲ್ಲಿ ಅಕಾರಾದಿಯೂ ಇಲ್ಲ, ಧಾನ್ಯ, ಮಸಾಲೆ, ತರಕಾರಿ ಎಂಬ ವಿಂಗಡಣೆಯೂ ಇಲ್ಲ. ಮೊದಲ ದಿನ ಮೊಬೈಲ್ ಹಿಡಿದು ಉಗ್ರಾಣವನ್ನು ಒಂದು ಸುತ್ತು ಸುತ್ತಿದರೆ ಆಯಿತು, ಆ ಸುತ್ತೇ ಆ ಹೋಟೆಲಿನ ಪಟ್ಟಿಯ ಅನುಕ್ರಮವಾಗುತ್ತದೆ. ಇಡೀ ಅಧ್ಯಯನದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ತಿಳಿವಳಿಕೆ ಇದು.

ಪ್ರಶ್ನೆ ಕೇಳುವ ವಿಧಾನದಲ್ಲಿ ಮನೋವಿಜ್ಞಾನಿ ಜಾನ್ ಫ್ಲಾನಗನ್ 1954ರಲ್ಲಿ ಪ್ರಕಟಿಸಿದ ಒಂದು ಕ್ರಮ ಬಹಳ ಉಪಯೋಗಕ್ಕೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ಮಾಡಿದ ಅಧ್ಯಯನಗಳಿಂದ ಬೆಳೆದ ಆ ಕ್ರಮದಲ್ಲಿ ಸಾಮಾನ್ಯ ಅಭಿಪ್ರಾಯಗಳನ್ನು ಬಿಟ್ಟು, ಕೆಲಸ ಚೆನ್ನಾಗಿ ನಡೆದ ಅಥವಾ ಕೆಟ್ಟ ಒಂದು ನಿರ್ದಿಷ್ಟ ಘಟನೆಯನ್ನು ಕೇಳಿ ಪಡೆಯುತ್ತಾರೆ. ಸಾಮಾನು ಕಡಿಮೆ ಬೀಳುತ್ತದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಕಳೆದ ಸಲ ಕಡಿಮೆ ಬಿದ್ದದ್ದು ಯಾವಾಗ, ಆಗ ಏನು ಮಾಡಿದಿರಿ ಎಂದು ಕೇಳಿದರೆ ಕಥೆ ಹೊರಬರುತ್ತದೆ. ಒಬ್ಬ ಹಿರಿಯ ಮ್ಯಾನೇಜರ್ ನೇರವಾಗಿ 2005ರ ಜುಲೈ 26ಕ್ಕೆ ಹೋದರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ ಆ ದಿನ ರೈಲು ನಿಂತು, ರಸ್ತೆಗಳು ಮುಳುಗಿ, ಹೋಟೆಲಿನೊಳಗೆ ಸಿಕ್ಕಿಕೊಂಡವರಿಗೆ ಉಗ್ರಾಣದಲ್ಲಿದ್ದುದರಿಂದಲೇ ಅಡಿಗೆ ಮಾಡಿ ಬಡಿಸಿದ್ದನ್ನು ಅವರು ವಿವರವಾಗಿ ಹೇಳಿದರು. ಅಂದಿನಿಂದ ಅವರು ಜೂನ್ ಬರುವ ಮೊದಲೇ ಅಕ್ಕಿ ಮತ್ತು ಬೇಳೆಯನ್ನು ಮಾಮೂಲಿಗಿಂತ ಹೆಚ್ಚಾಗಿ ತುಂಬಿಸಿಡುತ್ತಾರೆ. ಇದು ಅವರ ಯಾವ ಚೀಟಿಯಲ್ಲಿಯೂ ಬರೆದಿರುವ ನಿಯಮವಲ್ಲ. ಇಷ್ಟಕ್ಕಿಂತ ಕಡಿಮೆಯಾದರೆ ತರಿಸಬೇಕೆಂಬ ಮಟ್ಟವನ್ನು ವರ್ಷವಿಡೀ ಒಂದೇ ಸಂಖ್ಯೆಯಾಗಿ ಇಡಬಾರದು, ಮಳೆಗಾಲಕ್ಕೆ ಬೇರೆಯಾಗಿ ಇಡಲು ಬರಬೇಕು ಎಂಬ ನಿರ್ಧಾರ ಆ ಮಾತಿನಿಂದಲೇ ಹುಟ್ಟಿತು. ಏಕಾದಶಿ, ಶ್ರಾವಣ, ನವರಾತ್ರಿಯ ಉಪವಾಸದ ದಿನಗಳಲ್ಲಿ ಸಾಬುದಾಣಿ ಮತ್ತು ಬಟಾಟೆಯ ಬೇಡಿಕೆ ಏರುವ ಸಂಗತಿಯೂ ಇದೇ ಬಗೆಯ ಪ್ರಶ್ನೆಗಳಿಂದ ತಿಳಿಯಿತು; ಅದಕ್ಕಾಗಿ ಪಟ್ಟಿಯ ಜೊತೆಗೆ ಪಂಚಾಂಗವನ್ನು ಜೋಡಿಸುವ ಕೆಲಸ ಇನ್ನೂ ಬಾಕಿಯಿದೆ.

ಯಾರ ಎದುರಿಗೆ ಯಾರನ್ನು ಕೇಳಬೇಕೆಂಬುದು ನಮ್ಮವರಲ್ಲಿ ಸೂಕ್ಷ್ಮವಾದ ಪ್ರಶ್ನೆ. ಧಣಿಗಳ ಸಮ್ಮುಖದಲ್ಲಿ ನಕ್ಷೆ ತೋರಿಸಿದರೆ ಭಟ್ಟರು, “ಒಳ್ಳೆದುಂಟು ಮಾರಾಯ್ರೆ, ಮಾಡಿ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಅದು ಸೌಜನ್ಯದ ಮಾತು, ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳಬಾರದು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಬಿಡುವಿನಲ್ಲಿ, ಚಹಾದ ಲೋಟ ಹಿಡಿದು ಹಿಂಬಾಗಿಲಲ್ಲಿ ಕೂತಾಗ ಅದೇ ಭಟ್ಟರು ಮನಬಿಚ್ಚಿ ಮಾತಾಡುತ್ತಾರೆ. ಹಾಗಾಗಿ ಧಣಿ, ಮ್ಯಾನೇಜರ್, ಭಟ್ಟರು, ಸಹಾಯಕರು ಎಲ್ಲರನ್ನೂ ಬೇರೆ ಬೇರೆಯಾಗಿಯೇ ಮಾತಾಡಿಸಿದೆ. ಅಭಿಪ್ರಾಯ ಕೇಳುವ ಬದಲು ಕಾಗದದ ಪರದೆಯನ್ನು ಅವರ ಕೈಗೆ ಕೊಟ್ಟು, ಇವತ್ತಿನ ಪಟ್ಟಿಯನ್ನು ಇದರಲ್ಲಿ ಮಾಡಿ ತೋರಿಸಿ ಎಂದು ವಿನಂತಿಸಿದೆ. ಬೆರಳು ಎಲ್ಲಿ ತಡೆಯಿತು ಎಂಬುದಕ್ಕೆ ಸೌಜನ್ಯ ಅಡ್ಡಬರುವುದಿಲ್ಲ.

ಕಾಣದೆ ಉಳಿದಿದ್ದ ಒಬ್ಬ ಬಳಕೆದಾರ ಪತ್ತೆಯಾದದ್ದು ಬೆಳಗಿನ ಹೊತ್ತು. ರಾತ್ರಿ ಬರೆದ ಪಟ್ಟಿಯ ಸಾಮಾನು ಬಂದಾಗ ಇಳಿಸಿಕೊಳ್ಳುವವನು ಭಟ್ಟರೂ ಅಲ್ಲ, ಮ್ಯಾನೇಜರೂ ಅಲ್ಲ, ಹಲವು ಕಡೆ ಉತ್ತರ ಭಾರತದಿಂದ ಬಂದ ಸಹಾಯಕ ಹುಡುಗ. ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ. ಚೀಟಿ ಗಲ್ಲಾದಲ್ಲಿಯೇ ಉಳಿದಿರುತ್ತದೆ, ಬಂದದ್ದು ಸರಿಯಿದೆಯೇ ಎಂದು ನೋಡುವವರು ಯಾರೂ ಇರುವುದಿಲ್ಲ, ಕೊರತೆ ಗೊತ್ತಾಗುವುದು ಸಾಂಬಾರಿಗೆ ಇಟ್ಟ ಮೇಲೆಯೇ. ಇದನ್ನು ಕಂಡ ಬಳಿಕ ಸಾಮಾನು ಇಳಿಸಿಕೊಳ್ಳುವವರಿಗಾಗಿ ಪ್ರತ್ಯೇಕ ಪರದೆಯೊಂದನ್ನು ಸೇರಿಸಿದೆ. ಅದರಲ್ಲಿ ವಸ್ತುವಿನ ಚಿತ್ರ, ಎಲ್ಲರೂ ಓದಬಲ್ಲ 1, 2, 3ರ ಅಂಕಿ, ಬಂತು ಅಥವಾ ಬರಲಿಲ್ಲ ಎಂಬ ಎರಡು ದೊಡ್ಡ ಗುಂಡಿಗಳು ಇವೆ. ತರಕಾರಿಗೆ ಚಿತ್ರ ಸಾಕಾಯಿತು. ಬೇಳೆಗಳಿಗೆ ಸಾಕಾಗಲಿಲ್ಲ, ಏಕೆಂದರೆ ಸಣ್ಣ ಪರದೆಯಲ್ಲಿ ತೊಗರಿಬೇಳೆ ಮತ್ತು ಕಡಲೆಬೇಳೆ ಒಂದೇ ತರಹ ಕಾಣುತ್ತವೆ. ಅವುಗಳಿಗೆ ಆಯಾ ಹೋಟೆಲು ತರಿಸುವ ಗೋಣಿಯ ಮುಂಭಾಗದ ಚಿತ್ರವನ್ನೇ ತೆಗೆದು ಹಾಕಿದಾಗ ತಪ್ಪು ನಿಂತಿತು.

ಬರೆದುಕೊಂಡ ಅಂಶಗಳನ್ನೆಲ್ಲ ಸಣ್ಣ ಚೀಟಿಗಳಲ್ಲಿ ಒಂದೊಂದಾಗಿ ಬರೆದು, ಮನೆಯ ನೆಲದ ಮೇಲೆ ಹರಡಿ, ಒಂದಕ್ಕೊಂದು ಹತ್ತಿರವೆನಿಸಿದವನ್ನು ಗುಂಪು ಕೂಡಿಸಿದೆ. ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿತಾ ತಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳಿಗಾಗಿ ರೂಪಿಸಿದ, ಮನೆತನದ ಹೆಸರನ್ನು ಮೊದಲಿಡುವ ಜಪಾನಿ ರೂಢಿಯಂತೆ ಅವರ ಹೆಸರಿನ ಮೊದಲಕ್ಷರಗಳಿಂದಲೇ ಕೆಜೆ ಎಂದು ಕರೆಯುವ ಕ್ರಮವಿದು. ಗುಂಪಿನ ಹೆಸರನ್ನು ಮೊದಲೇ ನಿರ್ಧರಿಸದೆ, ಚೀಟಿಗಳು ಸೇರಿದ ಮೇಲೆ ಕೊಡಬೇಕೆಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಎಂಬ ಗುಂಪು ಎಲ್ಲಕ್ಕಿಂತ ದೊಡ್ಡದಾಯಿತು. ಭಟ್ಟರ ಕೈ ಒದ್ದೆಯಾಗಿರುತ್ತದೆ ಅಥವಾ ಹಿಟ್ಟು ಅಂಟಿರುತ್ತದೆ, ಅವರು ಫೋನ್ ಮುಟ್ಟುವುದಿಲ್ಲ. ಆದ್ದರಿಂದ ಪರದೆಯನ್ನು ಬರೆಯುವವರ ವೇಗಕ್ಕೆ, ಅನುಕ್ರಮವನ್ನು ಹೇಳುವವರ ಕಣ್ಣಿಗೆ ಹೊಂದಿಸಬೇಕಾಯಿತು. ಮಾತಿನಿಂದಲೇ ಪಟ್ಟಿ ತುಂಬಿಸುವ ಆಲೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಆ ಹೊತ್ತಿಗೆ ಮರುದಿನದ ಹಿಟ್ಟಿಗಾಗಿ ಗ್ರೈಂಡರ್ ತಿರುಗುತ್ತಿರುತ್ತದೆ, ತುಳು, ಕನ್ನಡ, ಹಿಂದಿ ಒಂದೇ ವಾಕ್ಯದಲ್ಲಿ ಬರುತ್ತವೆ. ಪಟ್ಟಿಯಲ್ಲಿಲ್ಲದ ಹೊಸ ವಸ್ತುವನ್ನು ಸೇರಿಸಲು ಮಾತ್ರ ಅಕ್ಷರ ಒತ್ತಬೇಕು.

ಎಷ್ಟು ಜನರೊಡನೆ ಪರೀಕ್ಷಿಸಿದರೆ ಸಾಕು ಎಂದು ಕೆಲವು ಗೆಳೆಯರು ಕೇಳಿದ್ದರು. ಐದು ಮಂದಿ ಸಾಕೆಂಬ ಮಾತು ಈ ವೃತ್ತಿಯಲ್ಲಿ ಪ್ರಚಲಿತವಾಗಿದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಾಂಡಾವರ್ 1993ರಲ್ಲಿ ಮಂಡಿಸಿದ ಲೆಕ್ಕ ಅದರ ಮೂಲ. ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಹೊರಬೀಳುತ್ತವೆ ಎಂದಿಟ್ಟುಕೊಂಡರೆ, ಐವರಿಂದ ಸುಮಾರು ಶೇ. 85ರಷ್ಟು ಹೊರಬೀಳುತ್ತವೆ. ಆದರೆ ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ, ಒಂದೇ ಪರದೆಯ ತೊಡಕುಗಳಿಗೆ ಸಲ್ಲುವಂಥದು. ಜನರ ಅಗತ್ಯವೇನೆಂದು ಅರಿಯುವುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಲಾಗದು. ನನ್ನಲ್ಲಿ ಭಟ್ಟರು, ಬರೆಯುವವರು, ಇಳಿಸಿಕೊಳ್ಳುವವರು ಎಂದು ಮೂರು ಬಗೆಯವರಿರುವುದರಿಂದ ಪ್ರತಿಯೊಂದು ಬಗೆಯನ್ನೂ ಪ್ರತ್ಯೇಕವಾಗಿ ಎಣಿಸಬೇಕು. ಒಂದು ವಸ್ತು ಬಳಸಲು ಎಷ್ಟು ಸುಲಭವೆಂದು ಅಳೆಯಲು 1986ರಲ್ಲಿ ಜಾನ್ ಬ್ರೂಕ್ ರಚಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಬಳಸುವ ಯೋಚನೆಯೂ ಇತ್ತು. ಅದರಲ್ಲಿ ಒಂದು ಹೇಳಿಕೆ ಮೆಚ್ಚುಗೆಯದು, ಅದರ ಮುಂದಿನದು ಆಕ್ಷೇಪದ್ದು ಎಂದು ಬದಲಾಗುತ್ತ ಹೋಗುತ್ತದೆ. ದಣಿದ ರಾತ್ರಿಯಲ್ಲಿ ಅದನ್ನು ತುಂಬಿಸುವುದು ಅವರಿಗೆ ಮಾಡುವ ಅನ್ಯಾಯವೆನಿಸಿ ಬಿಟ್ಟೆ.

ಚೀಟಿಗಳ ಫೋಟೋ ತೆಗೆಯುವಾಗ ಪ್ರತಿ ಸಲವೂ ಅನುಮತಿ ಕೇಳಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೃದಯವೇ ಒಪ್ಪಿಗೆ, ಅದಿಲ್ಲದಿದ್ದರೂ ದರ ಮತ್ತು ಫೋನ್ ನಂಬರುಗಳು ಹೋಟೆಲಿನವರ ಸ್ವತ್ತು. ಅವನ್ನು ಮರೆಮಾಡಿದ ಪ್ರತಿಗಳನ್ನಷ್ಟೇ ಇಟ್ಟುಕೊಂಡು ಮೂಲ ಚಿತ್ರಗಳನ್ನು ಅಳಿಸಿದ್ದೇನೆ.

ಸದ್ಯ ಆಂಡ್ರಾಯ್ಡ್ ಮಾದರಿ ನೆಟ್‌ವರ್ಕ್ ಇಲ್ಲದೆಯೇ ನಡೆಯುತ್ತದೆ, ಏಕೆಂದರೆ ಉಗ್ರಾಣದೊಳಗೆ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಬಂದಾಗ ಪಟ್ಟಿ ವಾಟ್ಸ್ಆ್ಯಪ್ ಮೂಲಕ ಹೋಗುತ್ತದೆ. ಇನ್ನು ತಿಳಿಯಬೇಕಾದದ್ದು ತರಕಾರಿಯವರ ಕಡೆಯ ಕೆಲಸ. ಅವರಲ್ಲಿ ಹೆಚ್ಚಿನವರು ಮರಾಠಿ ಮಾತಾಡುವವರು. ಹಲವು ಹೋಟೆಲುಗಳಿಂದ ಬಂದ ಪಟ್ಟಿಗಳನ್ನು ಒಂದು ಕಾಗದದಲ್ಲಿ ಕೂಡಿಸಿಕೊಂಡು ಮಾರುಕಟ್ಟೆಗೆ ಹೋಗುತ್ತಾರೆಂದು ತಿಳಿದಿದೆ, ಆ ಕೂಡಿಸುವ ಕೆಲಸವನ್ನು ನಾನಿನ್ನೂ ನೋಡಿಲ್ಲ. ಹೋಟೆಲಿನಲ್ಲಿ ಕಟ್ಟು ಎಂದು ಬರೆದದ್ದನ್ನು ಅವರು ಯಾವ ಅಳತೆಯಲ್ಲಿ ಖರೀದಿಸುತ್ತಾರೆ, ಒಂದು ತರಕಾರಿ ಸಿಗದಿದ್ದರೆ ಬದಲಿಗೆ ಏನು ತರಬೇಕೆಂದು ಯಾರನ್ನು ಕೇಳುತ್ತಾರೆ ಎಂಬ ಎರಡು ಪ್ರಶ್ನೆಗಳು ನನ್ನ ಮುಂದಿವೆ. ಅವರಲ್ಲೊಬ್ಬರು ಟೆಂಪೋದಲ್ಲಿ ಜೊತೆಗೆ ಕರೆದೊಯ್ಯಲು ಒಪ್ಪಿದ್ದಾರೆ, ಗಣಪತಿ ಹಬ್ಬದ ಗದ್ದಲ ಕಳೆದ ಮೇಲೆ ಬನ್ನಿ ಎಂದಿದ್ದಾರೆ. ಅಷ್ಟರೊಳಗೆ ಬದಲಿ ತರಕಾರಿಯ ಪರದೆಯನ್ನು ಕಾಗದದಲ್ಲಾದರೂ ಸಿದ್ಧಪಡಿಸಿಕೊಂಡು, ಅವರ ಹಳೆಯ ಕೂಡಿಕೆಯ ಕಾಗದಗಳನ್ನು ನೋಡಲು ಕೊಡುವಿರಾ ಎಂದು ಕೇಳಬೇಕಾಗಿದೆ.