ಮುಚ್ಚಳ ಬಿಚ್ಚಿದ ಭಾನುವಾರ

19 ನವೆಂಬರ್ 2023, ಭಾನುವಾರ
ಶಿವಮೊಗ್ಗ

ಮಧ್ಯಾಹ್ನ ಎರಡಕ್ಕೆ ವಿಶ್ವಕಪ್ ಫೈನಲ್. ಅಷ್ಟರೊಳಗೆ ಕೈ ತೊಳೆದು ಟಿವಿ ಮುಂದೆ ಕೂರಬೇಕು ಅಂತ ಬೆಳಿಗ್ಗೆ ಎಂಟಕ್ಕೇ ಕಾರಿನ ಪಕ್ಕ ಗೋಣಿಚೀಲ ಹಾಸಿದೆ. ನಮ್ಮದು 1998ರ ಮಾರುತಿ 800. ಹಿಂದಿನ ಎಡ ಚಕ್ರ ಒಂದು ತಿಂಗಳಿಂದ ಗುಂಯ್ ಅನ್ನುತ್ತಿತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಬರುವ ಹೊತ್ತಿಗೆ ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ಚಕ್ರ ಸರಾಗವಾಗಿ ತಿರುಗಿಸುವ ಬೇರಿಂಗ್ ಹಾಳಾಗಿದೆ ಅಂತ ಅನುಮಾನ. ಅದನ್ನು ನೋಡಬೇಕಾದರೆ ಮೊದಲು ಡಸ್ಟ್ ಕ್ಯಾಪ್ ಹೊರಗೆ ಬರಬೇಕು.

ಚಕ್ರದ ಹಿಂದಿರುವ ಬ್ರೇಕ್ ಡ್ರಮ್ಮಿನ ನಡುವೆ ಕೂತಿರುವ ಸಣ್ಣ ತಗಡಿನ ಬಟ್ಟಲು ಅದು. ಸ್ಕ್ರೂ ಇಲ್ಲ, ತಿರುಗಿಸಿ ಬಿಗಿಯುವ ಗೆರೆಗಳೂ ಇಲ್ಲ. ತೂತಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಮಾಡಿ, ಕುಟ್ಟಿ ಕೂರಿಸಿರುತ್ತಾರೆ. ಬರೀ ಬಿಗಿಯಿಂದಲೇ ನಿಂತಿರುತ್ತದೆ. ಒಳಗಿನ ಗ್ರೀಸಿಗೆ ನೀರು, ಧೂಳು ಸೇರದಂತೆ ಕಾಯುವುದು ಅದೇ. ಅಂಚು ಸ್ವಲ್ಪ ಸೊಟ್ಟಗಾದರೂ ಆ ಬಿಗಿ ಹೋಯಿತು ಅಂತಲೇ ಲೆಕ್ಕ.

ನಮ್ಮ ಎಡಗಡೆಯದು ಆಗಲೇ ಸೊಟ್ಟ. ಎರಡು ವರ್ಷದ ಹಿಂದೆ ಬ್ರೇಕ್ ಶೂ ಹಾಕಿಸುವಾಗ ಗ್ಯಾರೇಜಿನ ಹುಡುಗ ಉಳಿ ಇಟ್ಟು ಒಂದೇ ಜಾಗಕ್ಕೆ ನಾಲ್ಕು ಏಟು ಕೊಟ್ಟ. ನಾನು ಪಕ್ಕದಲ್ಲೇ ಟೀ ಕುಡಿಯುತ್ತ ನಿಂತಿದ್ದೆ. ಬೇಡ ಅಂತ ಒಂದು ಮಾತು ಹೇಳಿದ್ದರೆ ಆಗ್ತಿತ್ತು, ಹೇಳಲಿಲ್ಲ.

ಅದಕ್ಕೇ ಇವತ್ತು ಚೆನ್ನಾಗಿದ್ದ ಬಲಗಡೆಯಿಂದ ಶುರು ಮಾಡಿದೆ, ಕೈ ಪಳಗಲಿ ಅಂತ. ಗಾಡಿ ಒಂದನೇ ಗೇರಿನಲ್ಲಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು. ಹ್ಯಾಂಡ್ ಬ್ರೇಕ್ ಮಾತ್ರ ಬಿಟ್ಟಿರಬೇಕು, ಇಲ್ಲದಿದ್ದರೆ ಹಿಂದಿನ ಡ್ರಮ್ ತಿರುಗುವುದಿಲ್ಲ. ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದೆ.

ಕ್ಯಾಪಿನ ಬುಡದಲ್ಲಿ ಕೆಂಪು ಮಣ್ಣು ಸಿಮೆಂಟಿನ ಹಾಗೆ ಕೂತಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಕ್ಯಾಪಿನ ಅಂಚಿಗೂ ಡ್ರಮ್ಮಿಗೂ ನಡುವಿನ ಗೆರೆ ಕಾಣಿಸಿತು. ಅಲ್ಲಿಗೆ ನಾಲ್ಕು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ತಿಂಡಿಗೆ ಹೋದೆ. ಇದನ್ನು ಸೋಮಾರಿತನ ಅಂತ ಮನೆಯಲ್ಲಿ ಅಂದರು. ಎಣ್ಣೆ ಇಳಿಯೋಕೆ ಹೊತ್ತು ಬೇಡವಾ?

ಬಂದು ನೋಡಿದರೂ ಅಲುಗಾಡಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಬಿಸ್ಕತ್ ಡಬ್ಬಿ ಮುಚ್ಚಳ ಒಂದೇ ಕಡೆ ಮೀಟಿದ್ರೆ ಬರುತ್ತೇನೋ?" ಅಂದಳು. ಅಷ್ಟೇ ವಿಷಯ ನೋಡಿ. ಅಗಲ ಬಾಯಿಯ ಸ್ಕ್ರೂಡ್ರೈವರ್ ಗೆರೆಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಅಂತ ಎರಡು ಏಟು. ಡ್ರಮ್ ಮೂರನೇ ಒಂದು ಸುತ್ತು ತಿರುಗಿಸಿ ಮತ್ತೆರಡು. ಇನ್ನೊಮ್ಮೆ ತಿರುಗಿಸಿ ಮತ್ತೆರಡು. ಮಾರುತಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲೂ ಸುತ್ತ ಮೂರು ಕಡೆ ಮೆಲ್ಲಗೆ ಬಡಿಯುವುದೇ ಕ್ರಮ. ಎರಡನೇ ಸುತ್ತು ಮುಗಿಯುವಾಗ ಉಗುರು ಹೋಗುವಷ್ಟು ಸಂದಿ ಬಂತು. ಆಮೇಲೆ ಮರದ ಕೊಡತಿಯಿಂದ ಆ ಪಕ್ಕ ಈ ಪಕ್ಕ ತಟ್ಟಿದೆ. ಕ್ಯಾಪ್ ತಾನಾಗಿ ನಡೆದುಕೊಂಡು ಬಂದು ಅಂಗೈಗೆ ಬಿತ್ತು. ಒಂದು ಗೀರೂ ಇಲ್ಲ!

ಎಡಗಡೆಯದು ಹೀಗೆ ಬರಲಿಲ್ಲ. ಹಳೆಯ ಉಳಿ ಏಟಿಗೆ ಅಂಚು ಮಡಚಿಕೊಂಡು ಹಿಡಿಯೋಕೇ ಜಾಗ ಇರಲಿಲ್ಲ. ಸೈಕಲ್ ಟ್ಯೂಬಿನ ತುಂಡು ಸುತ್ತಿ, ದೊಡ್ಡ ಬಾಯಿಯ ಇಕ್ಕಳದಿಂದ ಬುಡದ ಹತ್ತಿರ ಹಿಡಿದು, ಎಳೆಯದೆ ಸುಮ್ನೆ ಆ ಕಡೆ ಈ ಕಡೆ ತಿರುಚುತ್ತಾ ಹೋದೆ. ಕ್ಯಾಪಿನ ಉಬ್ಬಿದ ಗುಮ್ಮಟ ಹಿಡಿದರೆ ತೆಳು ತಗಡು, ಅಪ್ಪಚ್ಚಿ ಆಗುತ್ತದೆ. ಹತ್ತು ನಿಮಿಷಕ್ಕೆ ಬಂತು. ಒಳಗೆ ಗ್ರೀಸ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ಮಳೆಗಾಲದ ನೀರು.

ಆ ಕ್ಯಾಪನ್ನು ಪೈಪಿನ ಮೇಲೆ ಹಾಕಿ ತಟ್ಟಿ ದುಂಡಗೆ ಮಾಡಿದೆ. ಆದರೆ ಹೆಬ್ಬೆರಳಿನಿಂದ ಒತ್ತಿದರೇ ಒಳಗೆ ಹೋಗುತ್ತದೆ. ಅಂದರೆ ಅದರ ಕಥೆ ಮುಗಿಯಿತು. ನಾಳೆ ಬೇರಿಂಗ್ ಜೊತೆ ಹೊಸದು ತರಬೇಕು.

ಬಲಗಡೆಯದನ್ನು ವಾಪಸ್ ಕೂರಿಸಿದೆ. ಕೂರುವ ಜಾಗ ಒರೆಸಿ, ಅಂಚಿಗೆ ತೆಳ್ಳಗೆ ಗ್ರೀಸ್ ಸವರಿದೆ. ಬಟ್ಟಲು ತುಂಬ ಗ್ರೀಸ್ ತುಂಬಬಾರದು, ಬಿಸಿಯಾದಾಗ ಉಬ್ಬಿ ಹೊರಗೆ ಬರುತ್ತದೆ. ಗುಮ್ಮಟದ ಮೇಲೆ ಹೊಡೆದರೆ ತಗ್ಗು ಬಿದ್ದು ಒಳಗಿನ ನಟ್ಟಿಗೆ ತಾಗಬಹುದು. ಅಂಚಿನ ಮೇಲಷ್ಟೇ ಕೂರುವ ನೀರಿನ ಪೈಪಿನ ತುಂಡು ಸಿಕ್ಕಿತ್ತು. ಅದನ್ನಿಟ್ಟು ಕೊಡತಿಯಿಂದ ಸುತ್ತ ತಟ್ಟಿದೆ. ಅಂಚು ಡ್ರಮ್ಮಿಗೆ ಕೂತ ಕೂಡಲೇ ಸದ್ದು ಗಟ್ಟಿಯಾಯಿತು.

ಟಾಸಿಗೆ ಸರಿಯಾಗಿ ಒಳಗೆ ಬಂದೆ. ನಮ್ಮ ರಾಹುಲ್ 107 ಬಾಲಿಗೆ 66 ಹೊಡೆದ. 240 ಸಾಲಲಿಲ್ಲ. ಆಸ್ಟ್ರೇಲಿಯಾದ ಹೆಡ್ ಸೆಂಚುರಿ ಹೊಡೆದ ಮೇಲೆ ಎದ್ದು ಹೊರಗೆ ಹೋಗಿ, ಎಡಗಡೆ ಡ್ರಮ್ಮಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಂದೆ.