ಎಸಿ ಹಾಲ್‌ನ ಇಡ್ಲಿಗೆ ಹೆಚ್ಚು ದರ ಏಕೆ?

ಮುಂಬಯಿಯ ಕನ್ನಡ ಹುಡುಗರಿಗೆ ಮಾರ್ಕೆಟಿಂಗ್ ಕಲಿಸುವವರು ವ್ಯಾಖ್ಯೆಯಿಂದ ಶುರು ಮಾಡಬಾರದು. ಉಡುಪಿ ಹೋಟೆಲಿನ ರೇಟ್ ಕಾರ್ಡ್ ಸಾಕು. ಹಲವು ಹೋಟೆಲುಗಳಲ್ಲಿ ಸಾದಾ ಹಾಲ್‌ಗೆ ಒಂದು ದರ, ಎಸಿ ಹಾಲ್‌ಗೆ ಇನ್ನೊಂದು. ಅಡುಗೆಮನೆ ಒಂದೇ, ಇಡ್ಲಿಯೂ ಅದೇ. ಏಕೆ ಎಂದು ಕೇಳಿದರೆ ತರಗತಿಯಲ್ಲಿ ಮೊದಲು ಬರುವ ಉತ್ತರ ‘ಕರೆಂಟ್ ಬಿಲ್’. ಅದು ಅರ್ಧ ಉತ್ತರ. ಯಾರು ಎಲ್ಲಿ ಕೂರುತ್ತಾರೆ ಎಂದು ಮುಂದೆ ಕೇಳಿ. ಲೋಕಲ್ ರೈಲು ಹಿಡಿಯುವ ಅವಸರದವರು ಸಾದಾ ಹಾಲ್‌ನಲ್ಲೇ ತಿಂದು ಹೊರಡುತ್ತಾರೆ; ಭಾನುವಾರ ಮನೆಮಂದಿಯೊಂದಿಗೆ ಬಂದವರು ಎಸಿಗೆ ಹೋಗುತ್ತಾರೆ. ಹೆಚ್ಚು ಕೊಡಲು ಸಿದ್ಧರಿರುವವರು ತಾವಾಗಿಯೇ ಬೇರೆಯಾದರು. ಇದು ಮನಸ್ಸಿಗೆ ಹತ್ತಿದ ಮೇಲಷ್ಟೇ ‘ಸೆಗ್ಮೆಂಟೇಷನ್’ (ಗಿರಾಕಿಗಳನ್ನು ಗುಂಪುಗಳಾಗಿ ವಿಂಗಡಿಸುವುದು) ಎಂದು ಬೋರ್ಡಿನ ಮೇಲೆ ಬರೆಯಿರಿ. ಪದ ಮೊದಲು ಬಂದರೆ ಹುಡುಗರು ಪದವನ್ನಷ್ಟೇ ಉರು ಹೊಡೆಯುತ್ತಾರೆ.

ಮುಂದಿನ ಪಾಠಕ್ಕೆ ಶಾಂಪೂ. ನಾಲ್ವರ ಗುಂಪಿಗೆ ಒಂದೇ ಬ್ರ್ಯಾಂಡಿನ ಒಂದು ಸ್ಯಾಶೆ, ಒಂದು ಬಾಟಲಿ ಕೊಟ್ಟು ಎಂಆರ್‌ಪಿಯನ್ನು ಮಿಲಿಲೀಟರ್‌ನಿಂದ ಭಾಗಿಸಲು ಹೇಳಿ. ಯೂನಿಟ್ ಬೆಲೆ ಮುದ್ರಿಸಿದ್ದರೆ ಅದರ ಮೇಲೆ ಮೊದಲೇ ಟೇಪ್ ಅಂಟಿಸಿ, ಇಲ್ಲವಾದರೆ ಯಾರೂ ಲೆಕ್ಕ ಮಾಡುವುದಿಲ್ಲ. ದೊಡ್ಡದು ಕೊಂಡರೆ ಅಗ್ಗ ಎಂದೇ ಎಲ್ಲರ ಊಹೆ. ಶಾಂಪೂವಿನಲ್ಲಿ ಎಷ್ಟೋ ಸಲ ಸ್ಯಾಶೆಯೇ ಅಗ್ಗ. ಬಾಟಲಿಗೂ ಮುಚ್ಚಳಕ್ಕೂ ಖರ್ಚಿದೆ. ಸ್ಯಾಶೆ ಕೊಳ್ಳುವವರಾದರೋ ಒಂದೆರಡು ರೂಪಾಯಿಯ ನಾಣ್ಯ ಹಿಡಿದು ಬಂದಿರುತ್ತಾರೆ, ದರ ಏರಿದರೆ ಪಕ್ಕದ ಬ್ರ್ಯಾಂಡ್ ತೆಗೆದುಕೊಳ್ಳುತ್ತಾರೆ. ಹಾಗಾಗಿ ಖರ್ಚು ಏರಿದಾಗ ಕಂಪನಿ ಬೆಲೆ ಮುಟ್ಟದೆ ಒಳಗಿನ ಪ್ರಮಾಣ ಇಳಿಸುತ್ತದೆ. 5 ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಸಣ್ಣದಾದದ್ದೂ ಹೀಗೆಯೇ.

ಜಾಹೀರಾತಿಗೆ ಬಂದಾಗ ನನ್ನ ಆಯ್ಕೆ 1980ರ ದಶಕದ ಸರ್ಫ್ ಜಾಹೀರಾತಿನ ಗೃಹಿಣಿ ಲಲಿತಾಜಿ. ಇದಕ್ಕೆ ಒಂದಿಡೀ ತರಗತಿ ಕೊಡಿ. 1969ರಲ್ಲಿ ಕರ್ಸನ್‌ಭಾಯಿ ಪಟೇಲ್ ಶುರು ಮಾಡಿದ ಅಗ್ಗದ ಒಗೆಯುವ ಪುಡಿ ನಿರ್ಮಾ, ಸರ್ಫ್‌ನ ಗಿರಾಕಿಗಳನ್ನು ಸೆಳೆಯುತ್ತಿತ್ತು. ಜಾಹೀರಾತು ಸಂಸ್ಥೆ ಲಿಂಟಾಸ್‌ನಲ್ಲಿ ಅಲೀಕ್ ಪದಮ್ಸಿ ರೂಪಿಸಿದ ಉತ್ತರ ಲಲಿತಾಜಿ: ಅರ್ಧ ಕಿಲೋ ಸರ್ಫ್, ಒಂದು ಕಿಲೋ ಅಗ್ಗದ ಪುಡಿಗೆ ಸಮ. ಇಲ್ಲಿ ವೀಡಿಯೊ ನಿಲ್ಲಿಸಿ ಲೆಕ್ಕ ಹಾಕಿಸಿ. ಆಗ ನಿರ್ಮಾದ ಬೆಲೆ ಸರ್ಫ್‌ನ ಅರ್ಧಕ್ಕಿಂತಲೂ ಸಾಕಷ್ಟು ಕಡಿಮೆ. ಅಂದರೆ ಜಾಹೀರಾತಿನ ಮಾತನ್ನು ಪೂರ್ತಿ ನಂಬಿದರೂ ಒಗೆತದ ಖರ್ಚು ನಿರ್ಮಾದಲ್ಲೇ ಕಮ್ಮಿ!

ಮತ್ತೆ ಅದು ನಾಟಿದ್ದು ಹೇಗೆ? ತರಕಾರಿ ಕೊಳ್ಳುವಾಗ ಚೌಕಾಸಿ ಮಾಡುವ, ಪೈಸೆ ಪೈಸೆಗೂ ಲೆಕ್ಕ ಇಡುವ ಗೃಹಿಣಿಯೇ ಸರ್ಫ್ ಕೊಳ್ಳುತ್ತಾಳೆ. ಹಾಗಾದರೆ ಹೆಚ್ಚು ಕೊಡುವುದು ದುಂದುವೆಚ್ಚವಲ್ಲ. ‘ನಾನು ದುಂದು ಮಾಡುತ್ತಿದ್ದೇನೆಯೇ?’ ಎಂಬ ಅಳುಕನ್ನು ಆ ಪಾತ್ರ ತೆಗೆದುಹಾಕಿತು. ಪೊಸಿಷನಿಂಗ್, ಅಂದರೆ ಗಿರಾಕಿಯ ಮನಸ್ಸಿನಲ್ಲಿ ಮಾಲಿಗೆ ಒಂದು ಜಾಗ ಮಾಡುವುದು, ಎಂದರೆ ಇದು. ಅದರ ಮಿತಿಯನ್ನೂ ಹೇಳಲೇಬೇಕು: ಅಷ್ಟು ದುಡ್ಡೇ ಇಲ್ಲದವರನ್ನು ಲಲಿತಾಜಿ ಮುಟ್ಟಲಾರಳು. ಅವರಿಗಾಗಿ ಸರ್ಫ್ ತಯಾರಿಸುವ ಹಿಂದೂಸ್ತಾನ್ ಲಿವರ್ ಕಂಪನಿ ವ್ಹೀಲ್ ಎಂಬ ಬೇರೆಯೇ ಪುಡಿಯನ್ನು ತರಬೇಕಾಯಿತು.

ಹುಡುಗರು ಎಡವುವುದು ‘ಆ್ಯಡ್ ಚೆನ್ನಾಗಿದೆ’ ಎಂಬಲ್ಲಿ. ಚೆನ್ನಾಗಿರುವುದಕ್ಕೂ ಮಾಲು ಹೋಗುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಪ್ರತಿಯೊಬ್ಬರಿಂದ ಮೂರು ಸಾಲು ಬರೆಸಿ: ಇದು ಯಾರಿಗೆ, ಅವರು ಈಗ ಏನು ಕೊಳ್ಳುತ್ತಿದ್ದಾರೆ, ಅವರ ಯಾವ ಅಳುಕನ್ನು ಇದು ತೆಗೆಯುತ್ತದೆ. ಮೂರನೆಯ ಸಾಲು ಖಾಲಿ ಉಳಿದರೆ ಜಾಹೀರಾತನ್ನು ಸದ್ದು ಆರಿಸಿ ಮತ್ತೊಮ್ಮೆ ತೋರಿಸಿ. ಜಿಂಗಲ್ ಇಲ್ಲದಾಗ ಕಣ್ಣು ಪಾತ್ರದ ನಡವಳಿಕೆಯ ಮೇಲೆ ನಿಲ್ಲುತ್ತದೆ.